ಬೇರೆ ಒಲೆಯವರ ಅತಿಥಿ

ನಮ್ಮೂರಿನಲ್ಲಿ ಯಾರನ್ನಾದರೂ ಹೊರಗೆ ಹಾಕಿದರೆ ಅವರು ನೇರವಾಗಿ ಹೊರಗೆ ಹಾಕಿದವರ ಮನೆಗೇ ಬರುತ್ತಾರೆ. ಬರಬೇಕೆಂದು ಅವರೇನೂ ಹಟ ಹಿಡಿಯುವುದಿಲ್ಲ, ಕಾಲು ತಂದುಬಿಡುತ್ತದೆ. ಭಜನಾ ಮಂಡಳಿಯಿಂದ ತೆಗೆದರೂ ಅಷ್ಟೆ, ಹಾಲಿನ ಸಂಘದಿಂದ ತೆಗೆದರೂ ಅಷ್ಟೆ, ಟಿಕೆಟ್ಟಿನ ಸಾಲಿನಿಂದ ಕುತ್ತಿಗೆ ಹಿಡಿದು ದಬ್ಬಿದರೂ ಅಷ್ಟೆ. ಬಂದವರು ಹಗಲು ಹೊತ್ತು ತಮ್ಮ ಕೆಲಸಕ್ಕೆ ಹೋಗಬಹುದು, ಪೇಟೆ ಸುತ್ತಬಹುದು. ದೀಪ ಹಚ್ಚುವ ಹೊತ್ತಿಗೆ ಕಾಲು ಮತ್ತೆ ನಿಮ್ಮ ಮನೆಯ ಕಡೆಗೇ ತಿರುಗುತ್ತದೆ. ಬೇರೆ ಯಾರಾದರೂ ಅವರನ್ನು ಮನಸಾರೆ 'ಬಾ' ಎಂದು ಕರೆಯುವವರೆಗೆ ಅವರ ಊಟ, ಹಾಸಿಗೆ, ಗೊರಕೆ ಎಲ್ಲವೂ ನಿಮ್ಮ ಪಾಲಿಗೆ. ಬಾಯಿಮಾತಿನ 'ಬಾ'ಗೆ ಕಾಲು ಕದಲುವುದಿಲ್ಲ. ಕರೆಯುವುದಕ್ಕೆ ಮನಸ್ಸು ಬೇಕು. ಹೊರಗೆ ಹಾಕುವುದಕ್ಕೆ ಅದೂ ಬೇಕಿಲ್ಲ, ಹಾಕಿದರೆ ಸಾಕು.

ಹೀಗಾಗಿ ನಮ್ಮೂರಿನವರು ಭಾರಿ ಸಹನೆಯ ಜನ ಎಂದು ಸುತ್ತಮುತ್ತ ಹೆಸರಾಗಿದೆ. ಹೊರಗಿನವರು ಬಂದು ಹೊಗಳುತ್ತಾರೆ, ನಾವು ದೊಡ್ಡ ಮನಸ್ಸಿನವರ ಹಾಗೆ ತಲೆ ಅಲ್ಲಾಡಿಸುತ್ತೇವೆ. ಒಳಗಿನ ಸಂಗತಿ ನಮಗೆ ಗೊತ್ತಲ್ಲ. ಒಮ್ಮೆ ನಮ್ಮ ಕ್ರಿಕೆಟ್ ತಂಡದವರು ಒಬ್ಬ ಕೆಟ್ಟ ಬೌಲರನನ್ನು ತೆಗೆಯಲಾರದೆ, ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸೇರಿ ಹೊಸ ತಂಡ ಕಟ್ಟಿಕೊಂಡರು. ಬಹಳ ಜಾಣತನ ಮಾಡಿದೆವು ಅಂದುಕೊಂಡರು. ಅವನು ಸರದಿಯ ಮೇಲೆ ಎಲ್ಲರ ಮನೆಯಲ್ಲೂ ಉಂಡು ಮಲಗಿ, ಅವರ ತಾಯಂದಿರಿಗೆಲ್ಲ ಪ್ರೀತಿಪಾತ್ರನಾಗಿ, ಕೊನೆಗೆ ಕ್ಯಾಪ್ಟನ್ ಆದ. ಆ ತಂಡ ಇವತ್ತಿಗೂ ಒಂದು ಪಂದ್ಯ ಗೆದ್ದಿಲ್ಲ.

ನಾನು ಇಂದುಮತಿ. ಊರಿನವರಿಗೆ ಇಂದಕ್ಕ. ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆಯಾಗಿಲ್ಲ, ಯಾಕೆ ಎಂದು ಕೇಳುವವರೆಲ್ಲ ಕೇಳಿ ಕೇಳಿ ಸುಸ್ತಾಗಿ ಈಗ ಬಿಟ್ಟಿದ್ದಾರೆ. ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಮನೆ, ಅದರಲ್ಲಿ ನನ್ನದೇ ಒಂದು ಒಲೆ. ಸಾರಿಗೆ ಖಾರ ಎಷ್ಟಿರಬೇಕು ಎಂದು ಯಾರನ್ನೂ ಕೇಳದೆ ಬದುಕುವ ಸುಖ ಅನುಭವಿಸಿದವರಿಗೇ ಗೊತ್ತು. ಹಾಗೆಂದು ಒಬ್ಬಳೇ ಇರುವುದೇ ಸ್ವರ್ಗ ಎಂದು ನಾನು ಯಾವತ್ತೂ ಹೇಳಿಲ್ಲ. ಜೊತೆ ಬೇಕು, ಆದರೆ ಒಂದೇ ಸೂರಿನಡಿ ಬೇಡ. ಇಂಥ ತಲೆಕೆಟ್ಟವಳು ಊರಿನಲ್ಲಿ ನಾನೊಬ್ಬಳೇ ಇರಲಿಕ್ಕಿಲ್ಲ ಅನ್ನಿಸಿ ಫೋನಿನಲ್ಲಿ ಒಂದು ಗುಂಪು ಶುರು ಮಾಡಿದೆ. ಹೆಸರು 'ಬೇರೆ ಒಲೆ'. ಬೇರೆ ಬೇರೆ ಇದ್ದುಕೊಂಡೇ ಒಬ್ಬರನ್ನೊಬ್ಬರು ಹಚ್ಚಿಕೊಳ್ಳಬಯಸುವವರು, ಊರಿನ ಅಚ್ಚಿನಲ್ಲಿ ಕೂರದ ಜೋಡಿಗಳು, ಜೋಡಿ ಹುಡುಕುತ್ತಿರುವವರು, ಎಲ್ಲರಿಗೂ ಜಾಗ.

ನಿಧಾನಕ್ಕೆ ಜನ ಸೇರಿದರು. ಮೊದಲು ಬಂದವರು ಬೇಕರಿಯ ಮೂವರು: ಹಾಲೇಶ, ಯಶೋಧರ, ರೇಣುಕಾ. ಮೂವರೂ ಒಪ್ಪಿ ಜೊತೆಯಾದವರು. ಒಂದೇ ವಠಾರದಲ್ಲಿ ಮೂರು ಮನೆ, ಮೂರು ಒಲೆ. ಮೂರರ ಮೇಲೂ ಏನೂ ಬೇಯುವುದಿಲ್ಲ, ಬನ್ನು ತಿಂದೇ ಬದುಕುತ್ತಾರೆ. ಆಮೇಲೆ ಬ್ಯಾಂಡಿನವರು: ಡೋಲಿನ ದಾವೂದ್, ಕ್ಲಾರಿಯೊನೆಟ್ಟಿನ ಸಿದ್ದಣ್ಣ. ಊರವರ ಮದುವೆಗಳಿಗೆಲ್ಲ ಬಾರಿಸಿ ಊದಿ, ಕೈ ಕೈ ಹಿಡಿದುಕೊಂಡು ಬಂದು, ಗಲ್ಲಿಯ ತಿರುವಿನಲ್ಲಿ ಬೇರೆಯಾಗಿ ತಂತಮ್ಮ ಮನೆಗೆ ಹೋಗುವ ಜೋಡಿ. ಇನ್ನೂ ಹಲವರು. ಗುಂಪಿನಲ್ಲಿ ಯಾರೂ ಯಾರ ಹೊಟ್ಟೆಯೊಳಗೂ ಕೈ ಹಾಕುತ್ತಿರಲಿಲ್ಲ. ಹೇಳಿದಷ್ಟು ಕೇಳುವುದು, ಕೇಳಿದ್ದನ್ನು ಅಲ್ಲೇ ಬಿಡುವುದು.

ವಿಮಲಾಕ್ಷಿ ಬಂದದ್ದೂ ಹಾಗೆಯೇ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಟೀಚರು. ಬಂದ ಹೊಸತರಲ್ಲಿ ಒಂದು ಮಾತೂ ಆಡಲಿಲ್ಲ. ಒಂದು ದಿನ ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದು ಅಂಗಡಿಗೆ ಬಂದಳು. ಬಿಗಿ ಮಾಡಿಕೊಟ್ಟೆ. ಮರುವಾರ ಮತ್ತೆ ಸಡಿಲವಾಯಿತು. ಅದರ ಮರುವಾರ ಇನ್ನೂ ಸಡಿಲ. ನಾನು ಅಂಥ ಕೆಟ್ಟ ಕೆಲಸದವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಭಾನುವಾರ ಮಧ್ಯಾಹ್ನಗಳಲ್ಲಿ ನನ್ನ ಮನೆಗೆ ಬರತೊಡಗಿದಳು. ಸಂಜೆಯವರೆಗೆ ಇದ್ದು, ಸೆರಗು ಸರಿಮಾಡಿಕೊಂಡು, ಕನ್ನಡಕ ಏರಿಸಿಕೊಂಡು ಟೀಚರಾಗಿ ಹೊರಟುಹೋಗುತ್ತಿದ್ದಳು. ನಾನು ಅವಳನ್ನು ಗುಂಪಿಗೆ ಎರಡನೆಯ ಅಡ್ಮಿನ್ ಮಾಡಿದೆ. ನಮ್ಮಿಬ್ಬರ ವಿಷಯ ಮಾತ್ರ ಆ ಗುಂಪಿಗೂ ಹೇಳಲಿಲ್ಲ. ಹೇಳಬಾರದು ಎಂದದ್ದು ಅವಳೇ. ಅವಳಿದ್ದದ್ದು ನಿವೃತ್ತ ಮುಖ್ಯೋಪಾಧ್ಯಾಯಿನಿ ಪದ್ಮಾವತಮ್ಮನವರ ಮನೆಯ ಬಾಡಿಗೆ ಭಾಗದಲ್ಲಿ. ನಾಲ್ಕು ವರ್ಷದಲ್ಲಿ ನಾನು ಆ ಮನೆಯ ಗೇಟು ದಾಟಿರಲಿಲ್ಲ.

ಇಂಥಲ್ಲಿಗೆ ಶಂಭುಲಿಂಗಪ್ಪನವರು ಬಂದರು.

ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ ನಡೆಸಿ, ಈಗ ಅದನ್ನು ಭಾವಮೈದನಿಗೆ ಬಿಟ್ಟುಕೊಟ್ಟು ಹಾಯಾಗಿದ್ದ ಮನುಷ್ಯ. ಬೇಕರಿಯಲ್ಲಿ ಬನ್ನು ಕೊಳ್ಳುವಾಗ ಗುಂಪಿನ ಮಾತು ಕಿವಿಗೆ ಬಿದ್ದು, ನನ್ನನ್ನೂ ಸೇರಿಸಿಕೊಳ್ಳಿ ಎಂದರು. ಸೇರುವವರಿಗೆ ನಾವು ಕೇಳುವುದು ಒಂದೇ ಪ್ರಶ್ನೆ, ನಿಮ್ಮ ಮನೆಯಲ್ಲಿ ಎಷ್ಟು ಒಲೆ ಎಂದು. "ಎರಡು. ಕೆಳಗೆ ನಂದು, ಮಹಡಿ ಮೇಲೆ ನಮ್ಮನೆಯವಳದ್ದು" ಎಂದರು. ಸರಿಯಾದ ಉತ್ತರವೇ ಆಗಿತ್ತು. ನಾನು ಇನ್ನೇನೂ ಕೇಳದೆ ಸೇರಿಸಿಕೊಂಡೆ, ಅಲ್ಲಿಗೆ ನಮ್ಮ ನೆಮ್ಮದಿಯ ಕಥೆ ಮುಗಿಯಿತು.

ಬೆಳಕು ಹರಿಯುವ ಮೊದಲೇ ಗುಲಾಬಿ ಹೂವಿನ ಚಿತ್ರ, ಅದರ ಮೇಲೆ ಶುಭೋದಯ. ಆಮೇಲೆ ತಿಂಡಿ ಆಯ್ತಾ. ಮಧ್ಯಾಹ್ನ ಊಟ ಆಯ್ತಾ. ಸಂಜೆ ಕಾಫಿ ಆಯ್ತಾ. ಅದೂ ಗುಂಪಿಗೆಲ್ಲ ಒಟ್ಟಿಗೆ ಅಲ್ಲ, ಹೆಂಗಸರಿಗೆ ಹೆಸರು ಹಿಡಿದು. ಅಷ್ಟಾದರೆ ಸಹಿಸಬಹುದಿತ್ತು. ಬ್ಯಾಂಡಿನವರನ್ನು ಕೇಳಿದರು, "ನಿಮ್ಮಿಬ್ಬರಲ್ಲಿ ಗಂಡ ಯಾರು?" ಬೇಕರಿಯವರನ್ನು ಕೇಳಿದರು, "ಮೂವರು ಹೇಗೆ ಹೊಂದಿಸಿಕೊಳ್ತೀರಿ? ತಿಳ್ಕೊಳ್ಳೋಣ ಅಂತ." ಪ್ರತಿ ಪ್ರಶ್ನೆಯ ಕೊನೆಗೂ ಎರಡು ಕೈ ಮುಗಿದ ಗುರುತು. ಬೈಯೋಣವೆಂದರೆ ಮುಗಿದ ಕೈ ಎದುರಿಗಿರುತ್ತಿತ್ತು. ವಿಮಲಾಕ್ಷಿಗೆ ಬರೆದರು, "ಮೇಡಂ, ನಿಮಗೇನು ಅಂಥ ವಯಸ್ಸಾಗಿಲ್ಲ. ನನ್ನ ಭಾವಮೈದ ಒಬ್ಬ ಇದಾನೆ, ಸ್ವಂತ ಅಂಗಡಿ."

ತೆಗೆದುಹಾಕಿ ಎಂದು ಎಲ್ಲರೂ ನನಗೆ ಗುಟ್ಟಾಗಿ ಬರೆಯತೊಡಗಿದರು. ತೆಗೆದುಹಾಕಿ ಎನ್ನುವವರಿಗೇನು, ಶಂಭುಲಿಂಗಪ್ಪನವರು ಬರುವುದು ನನ್ನ ಮನೆಗೆ. ಬೇರೆ ಯಾರಾದರೂ ಕರೆದುಕೊಂಡರೆ ಸಾಕೆಂದು ನಾನು ಊರೆಲ್ಲ ಸುತ್ತಿದೆ. ಯೋಗದವರನ್ನು ಕೇಳಿದೆ, ಅವರಲ್ಲಿ ಆಗಲೇ ಇದ್ದಾರಂತೆ, ಶವಾಸನದಲ್ಲೂ ಮಾತಾಡುತ್ತಾರಂತೆ. ಗ್ರಂಥಾಲಯದ ಓದುಗರ ಬಳಗದವರು ನಾನು ಹೆಸರು ಹೇಳುವ ಮೊದಲೇ ಬಾಗಿಲು ಹಾಕಿಕೊಂಡರು. ಇಡೀ ಊರು ಅವರನ್ನು ಸಹಿಸಿಕೊಂಡಿತ್ತು. ಎಲ್ಲ ಕಡೆಯೂ ಇದ್ದರು, ಯಾರೂ ಕರೆದಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ವಿಮಲಾಕ್ಷಿ ಗುಂಪಿನಲ್ಲಿ ಮೊದಲ ಸಲ ತನ್ನ ಬಗ್ಗೆ ನಾಲ್ಕು ಮಾತು ಬರೆದಳು. 'ನನಗೂ ಒಬ್ಬರಿದ್ದಾರೆ. ಜೊತೆಗೆ ಇರುವುದಿಲ್ಲ. ಆದರೆ ಶಾಲೆ ಮುಗಿಸಿ ಬರುವಾಗ ಅವರ ಕಿಟಕಿಯಲ್ಲಿ ದೀಪ ಕಂಡರೆ ಆ ದಿನಕ್ಕೆ ಅಷ್ಟು ಸಾಕು ಅನ್ನಿಸುತ್ತದೆ.' ಅಂಗಡಿಯಲ್ಲಿ ಕೂತು ಅದನ್ನು ಓದಿದ ನನಗೆ ಗಿರಾಕಿಯ ಮುಖವೇ ಕಾಣದಂತಾಯಿತು. ಬೇಕರಿಯ ರೇಣುಕಾ ಒಂದು ದೀಪದ ಚಿತ್ರ ಹಾಕಿದಳು. ಅದರ ಬೆನ್ನಿಗೇ ಶಂಭುಲಿಂಗಪ್ಪನವರು: 'ಬಹಳ ಸಂತೋಷ ಮೇಡಂ. ಅವರು ಗಂಡಸೋ ಹೆಂಗಸೋ? ಯಾವ ಬೀದಿ?' ಮತ್ತೆ ಮುಗಿದ ಕೈ.  ವಿಮಲಾಕ್ಷಿ ತಾನು ಬರೆದದ್ದನ್ನು ಅಳಿಸಿಬಿಟ್ಟಳು. ಅಡ್ಮಿನ್ ಎಂಬ ದೊಡ್ಡ ಹೆಸರು ಹೊತ್ತ ನಾನು ಏನು ಬರೆದೆ ಗೊತ್ತೆ? 'ಸದಸ್ಯರೆಲ್ಲರೂ ಸಂಯಮದಿಂದ ವರ್ತಿಸಬೇಕಾಗಿ ವಿನಂತಿ.'

ಆ ಭಾನುವಾರ ಅವಳು ಬಂದಳು, ಆದರೆ ಕೂರಲಿಲ್ಲ.

"ವಿನಂತಿ ಅಂತ ಬರೆದೆಯಲ್ಲ" ಎಂದಳು.

"ಇನ್ನೇನು ಬರೀಲಿ? ತೆಗೆದ್ರೆ ಇಲ್ಲಿಗೆ ಬರ್ತಾರೆ, ಗೊತ್ತಿಲ್ವಾ ನಿಂಗೆ?"

"ಗೊತ್ತು. ನಿನ್ನ ಮನೆ ನಿನಗೆ ಉಳೀಲಿ ಅಂತ ದಿನಾ ನನ್ನ ಅವರ ಬಾಯಿಗೆ ಕೊಡ್ತಿದೀಯ, ಅದೂ ಗೊತ್ತು."

ನನಗೆ ರೇಗಿತು. "ನೀನೂ ಅಡ್ಮಿನ್ನೇ ಅಲ್ವಾ? ನೀನೇ ತೆಗೀಬಹುದಿತ್ತಲ್ಲ."

"ನನ್ನ ಮನೆಗೆ ಒಬ್ಬ ಗಂಡಸು ಬಂದು ಕೂತ್ರೆ ಪದ್ಮಾವತಮ್ಮ ಸುಮ್ನಿರ್ತಾರಾ? ಶಾಲೆಯವರು ಸುಮ್ನಿರ್ತಾರಾ?"

ಅದೂ ನಿಜ.  ಅವಳು ಬಾಗಿಲ ಹತ್ತಿರ ಹೋಗಿ ಹೇಳಿದಳು, "ಅವರಿರೋ ಗುಂಪಿನಲ್ಲಿ ನಾನು ಬಾಯಿ ಬಿಡಲ್ಲ. ನೀನು ಸಹಿಸ್ಕೊಂಡು ಕೂತಿರೋದನ್ನ ನೋಡ್ತಾ ಈ ಮನೆಗೂ ಬರಕ್ಕಾಗಲ್ಲ. ನಿಂಗೆ ಯಾವುದು ಬೇಕೋ ನೋಡ್ಕೋ." ಹೋದಳು. ಒಲೆಯ ಮೇಲೆ ಅವಳಿಗೆಂದು ಇಟ್ಟ ಹಾಲು ಉಕ್ಕಿ ಹರಿಯಿತು, ನಾನು ನೋಡುತ್ತಾ ನಿಂತಿದ್ದೆ.

ಮರುದಿನ ಸಂಜೆ ಅಂಗಡಿ ಮುಚ್ಚಿದವಳೇ ಶಂಭುಲಿಂಗಪ್ಪನವರನ್ನು ಗುಂಪಿನಿಂದ ತೆಗೆದೆ.  ಮನೆಗೆ ಹೋಗುವಾಗ ಒಂದು ಸೇರು ಅಕ್ಕಿ ಹೆಚ್ಚಿಗೆ ಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಬಂದರು. ಕಂಕುಳಲ್ಲಿ ಒಂದು ಕೊಡೆ, ಕೈಯಲ್ಲೊಂದು ಚಪ್ಪಲಿ ಡಬ್ಬ, ಅದರಲ್ಲಿ ಟವೆಲ್ಲು, ಹಲ್ಲುಪುಡಿ. ಹೊರಗೆ ಹಾಕಿಸಿಕೊಂಡವರ ನಡಿಗೆ ನಮ್ಮೂರಿನಲ್ಲಿ ಯಾರಿಗಾದರೂ ಗುರುತು ಸಿಗುತ್ತದೆ: ಕಾಲು ಮುಂದೆ, ಮೈ ಹಿಂದೆ. ಗಲ್ಲಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಬೇರೆ ಒಲೆಯ ಇಂದಕ್ಕನ ಮನೆಗೆ ಗಂಡಸು ಬಂದ ಎಂದು ಆ ರಾತ್ರಿ ಎಷ್ಟು ಮನೆಯಲ್ಲಿ ನಗೆ ಚಿಮ್ಮಿತೋ. ಶಂಭುಲಿಂಗಪ್ಪನವರು ಹೊಸ್ತಿಲ ಮೇಲೆ ನಿಂತು, "ನನ್ನನ್ನ ಯಾರಾದ್ರೂ ಹೊರಗೆ ಹಾಕಿದ್ದು ಇದೇ ಮೊದಲು ಇಂದಮ್ಮ" ಎಂದರು. ದುಃಖವೋ ಸಂತೋಷವೋ ತಿಳಿಯಲಿಲ್ಲ. ಒಳಗೆ ಬಂದವರೇ ಅಡುಗೆಮನೆಯ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡಿ, "ಹೆಸರುಬೇಳೆಗೆ ಹುಳ ಬಿದ್ದಿದೆ" ಎಂದು ತಿಳಿಸಿದರು.

ಅವರ ಜೊತೆ ಬದುಕುವುದು ಹೇಗೆಂದು ಹೇಳುವುದು ಬೇಡ. ಗುಲಾಬಿ ಕಳಿಸಲು ಈಗ ಗುಂಪಿಲ್ಲವಲ್ಲ, ಬೆಳಿಗ್ಗೆ ನನ್ನ ಕೋಣೆಯ ಬಾಗಿಲ ಹೊರಗೆ ನಿಂತು ಬಾಯಲ್ಲೇ 'ಶುಭೋದಯ' ಎನ್ನುತ್ತಿದ್ದರು. ಗಂಟಲು ಕ್ಯಾಕರಿಸಿ ಗಲ್ಲಿಯನ್ನೇ ಎಬ್ಬಿಸುತ್ತಿದ್ದರು. ಸಾರಿಗೆ ಉಪ್ಪು ಕಡಿಮೆ, ಫ್ಯಾನು ಜೋರು, ದಿಂಬು ಎತ್ತರ. ಆದರೆ ಒಂದು ಅನುಕೂಲವಿತ್ತು. ಹೊರಗೆ ಹಾಕಿ ಆಗಿದೆ, ಇನ್ನು ಹೆದರುವುದಕ್ಕೇನಿದೆ? "ನನ್ನ ಡಬ್ಬ ಮುಟ್ಟಬೇಡಿ" ಎಂದೆ. ಮುಟ್ಟಲಿಲ್ಲ. "ಬೆಳಿಗ್ಗೆ ನನ್ನ ಬಾಗಿಲಿಗೆ ಬರಬೇಡಿ" ಎಂದೆ. ಬರಲಿಲ್ಲ. ಹೇಳಿದರೆ ಕೇಳುವ ಮನುಷ್ಯ ಎಂದು ಆಗ ತಿಳಿಯಿತು. ಅವರಿಗೆ ಇಷ್ಟು ವಯಸ್ಸಾಗುವವರೆಗೆ ಈ ಊರಿನಲ್ಲಿ ಯಾರೂ ಏನೂ ಹೇಳಿರಲಿಲ್ಲ.

ಸುದ್ದಿ ಗುಂಪಿಗೆ ಹಬ್ಬಿತು. ಶಂಭುಲಿಂಗಪ್ಪನವರನ್ನು ಈಗ ಬೈಯಬಹುದು, ಬೈಯುತ್ತಾ ಬಾಯಿ ತಪ್ಪಿ 'ಹೊರಗೆ ಹೋಗಿ' ಅಂದರೂ ನಮ್ಮ ಮನೆಗೆ ಬರುವುದಿಲ್ಲ ಎಂದು ಎಲ್ಲರಿಗೂ ಹೊಳೆದದ್ದೇ ತಡ, ಒಬ್ಬೊಬ್ಬರಾಗಿ ನನ್ನ ಮನೆಗೆ ಬರತೊಡಗಿದರು. ತಿಂಗಳುಗಟ್ಟಲೆ ನುಂಗಿಕೊಂಡದ್ದನ್ನೆಲ್ಲ ನನ್ನ ಅಡುಗೆಮನೆಯಲ್ಲಿ ಕಾರಿಕೊಳ್ಳುವುದು, ನಾನು ಅವರಿಗೆಲ್ಲ ಟೀ ಕಾಸುವುದು. ಬೇರೆ ಒಲೆ ಎಂದು ಹೆಸರಿಟ್ಟುಕೊಂಡವರೆಲ್ಲ ನನ್ನ ಒಂದೇ ಒಲೆಯ ಸುತ್ತ. ದಾವೂದ್ ಬಂದು ಗೋಡೆಗೊರಗಿ ಕೂತು ಕೇಳಿದ, "ನಮ್ಮಲ್ಲಿ ಗಂಡ ಯಾರು ಅಂತ ಕೇಳಿದ್ರಲ್ಲ ಯಜಮಾನ್ರೇ, ನಿಮ್ಮನೇಲಿ ಗಂಡ ಯಾರು, ಅದು ಹೇಳಿ ಮೊದ್ಲು."

ಶಂಭುಲಿಂಗಪ್ಪನವರು ಬಹಳ ಹೊತ್ತು ಯೋಚನೆ ಮಾಡಿದರು. ನಿಜವಾಗಿಯೂ ಲೆಕ್ಕ ಹಾಕುವ ಹಾಗೆ. ಕೊನೆಗೆ, "ಈಗ ನೋಡಿದ್ರೆ ನಮ್ಮನೆಯವಳೇ ಅನ್ಸುತ್ತೆ" ಎಂದರು.

ದಾವೂದ್ ಬೈಯುವುದಕ್ಕೆ ಬಂದವನು ನಕ್ಕುಬಿಟ್ಟ. ಇನ್ನೊಂದು ಲೋಟ ಟೀ ಕುಡಿದು ಹೋದ. ಬೇಕರಿಯ ರೇಣುಕಾ ಮಾತ್ರ ನಗಲಿಲ್ಲ. "ನಾವು ಮೂವರು ಹೇಗೆ ಹೊಂದಿಸ್ಕೊಳ್ತೀವಿ ಅನ್ನೋದು ನಮಗೇ ದಿನಾ ಬೆಳಿಗ್ಗೆ ಹೊಸದಾಗಿ ಗೊತ್ತಾಗೋದು. ನೀವು ಹೂವಿನ ಪಕ್ಕ ಇಟ್ಟು ಕೇಳೋ ಪ್ರಶ್ನೆ ಅಲ್ಲ ಅದು" ಎಂದಳು. ಅವರು ತಲೆ ತಗ್ಗಿಸಿ ಕೂತರು. ಅವಳು ಹೋದ ಮೇಲೆ, "ಎಷ್ಟು ಜನ ಬರ್ತಾರೆ ನನ್ನ ಹತ್ರ ಮಾತಾಡಕ್ಕೆ" ಎಂದು ನನಗೆ ಹೇಳಿದರು, ಕಣ್ಣಲ್ಲಿ ಮಿಂಚು. ಬೈಗುಳವನ್ನು ಸನ್ಮಾನದ ಹಾಗೆ ಸ್ವೀಕರಿಸುವ ಇಂಥ ಪ್ರಾಣಿಯನ್ನು ಏನು ಮಾಡುತ್ತೀರಿ?

ಎಲ್ಲರೂ ಬಂದರು, ವಿಮಲಾಕ್ಷಿ ಬರಲಿಲ್ಲ. ಭಾನುವಾರ ಬಂತು, ಹೋಯಿತು. ಇನ್ನೊಂದು ಬಂತು. ಸಂಜೆ ನಾನು ಕಿಟಕಿಯಲ್ಲಿ ಬೇಗ ದೀಪ ಹಾಕುತ್ತಿದ್ದೆ. ಅವಳು ಶಾಲೆಯಿಂದ ಬರುವಾಗ ಬೇರೆ ಬೀದಿ ಹಿಡಿಯುತ್ತಾಳೆ ಎಂದು ಸಿದ್ದಣ್ಣ ಹೇಳಿದ, ಅವನಿಗೆ ಏನೂ ಗೊತ್ತಿಲ್ಲದೆ, ಸುಮ್ಮನೆ ಊರಿನ ಸುದ್ದಿ ಹೇಳುವ ಹಾಗೆ.

ಶಂಭುಲಿಂಗಪ್ಪನವರ ಹೆಂಡತಿ ಸರ್ವಮಂಗಳಮ್ಮ ಒಂದು ಮಧ್ಯಾಹ್ನ ಬಂದರು. ಗಂಡನನ್ನು ಕರೆದುಕೊಂಡು ಹೋಗುತ್ತಾರೆ ಎಂದು ನಾನು ಆಸೆಯಿಂದ ಮಣೆ ಹಾಕಿದೆ. ಅವರು ಗಂಡನ ಬಟ್ಟೆಗಂಟು ಕೆಳಗಿಟ್ಟು, "ಪಂಚೆ, ಬನಿಯನ್ನು ಇದೆ. ಕೊಡಿ ಅವರಿಗೆ" ಎಂದರು.

"ನೀವೊಂದು ಸಲ ಮನಸಾರೆ ಬಾ ಅಂದ್ರೆ ಆಗಿತ್ತಲ್ಲಮ್ಮ" ಎಂದೆ.

"ಮನಸಾರೆ ಬರಬೇಕಲ್ಲ. ಈ ಊರಲ್ಲಿ ಹೆಂಡತಿ ಗಂಡನ್ನ ಹೊರಗೆ ಹಾಕೋ ಹಾಗೂ ಇಲ್ಲ ನೋಡಿ, ಸಂಜೆಗೆ ಮತ್ತೆ ಅವಳ ಮನೆಗೇ ಬರ್ತಾನೆ. ಅದಕ್ಕೇ ನಾನೇ ಮಹಡಿ ಹತ್ತಿದೆ. ಊರಿನ ಹೆಂಗಸರನ್ನೆಲ್ಲ ಊಟ ಆಯ್ತಾ ಅಂತ ಕೇಳ್ತಾರಂತಲ್ಲ ಇವರು? ಮೂವತ್ತು ವರ್ಷ ಬಡಿಸಿದೀನಿ. ನಂದು ಆಯ್ತಾ ಅಂತ ಒಂದು ದಿನ ಕೇಳಲಿಲ್ಲ." ಕೋಪವೇ ಇಲ್ಲದೆ ಹೇಳಿದರು. ಏಳುವಾಗ ನಿಂತು, "ನಿಮ್ಮ ಗುಂಪಿಗೆ ಸೇರೋದು ಹೇಗಮ್ಮ?" ಎಂದರು. ಸೇರಿಸಿಕೊಂಡೆ. ಇನ್ನೇನು ಮಾಡಲಿ, ಅವರ ಮನೆಯಲ್ಲೂ ಎರಡು ಒಲೆ.

ಒಳಕೋಣೆಯಲ್ಲಿದ್ದ ಶಂಭುಲಿಂಗಪ್ಪನವರು ಎಲ್ಲ ಕೇಳಿಸಿಕೊಂಡಿದ್ದರು. ಆ ಸಂಜೆ ಉಪ್ಪಿನ ಬಗ್ಗೆ ಮಾತಾಡಲಿಲ್ಲ. ಉಂಡ ತಟ್ಟೆ ತಾವೇ ತೊಳೆದಿಟ್ಟು ಬಂದು ಹೇಳಿದರು, "ಅವಳು ಮೇಲೆ ಹೋದ ಮೇಲೆ ಕೇಳಬೇಕು ಅನ್ನಿಸ್ತು ಇಂದಮ್ಮ. ಮೆಟ್ಟಿಲ ಹತ್ರ ಹೋಗಿ ನಿಂತ್ಕೊಳ್ತಿದ್ದೆ, ಬಾಯೇ ಬರ್ತಿರಲಿಲ್ಲ. ಫೋನಲ್ಲಿ ಬೇರೆಯವರಿಗಾದ್ರೆ ಬರ್ತಿತ್ತು." ಒದ್ದೆ ಕೈ ಒರೆಸಿಕೊಂಡು, "ಗುಂಪಿನಲ್ಲಿ ನಾನು ಯಾರಿಗೂ ಬೇಡ ಅಂತ ಅನುಮಾನ ಇತ್ತು. ಆದ್ರೆ ಈ ಊರಲ್ಲಿ ತಿಳಿಯೋದು ಹೇಗೆ ಹೇಳಿ. ಬೇಕಾದವರಿಗೂ ಬೇಡದವರಿಗೂ ಒಂದೇ ನಗು. ನೀವೊಬ್ರೇ ಹೇಳಿದ್ದು."

ಅಯ್ಯೋ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. "ನೀವು ಬೀದಿ ಯಾವುದು, ಗಂಡಸೋ ಹೆಂಗಸೋ ಅಂತ ಕೇಳಿದ್ರಲ್ಲ ವಿಮಲಾಕ್ಷಿ ಟೀಚರನ್ನ, ಬೀದಿ ಇದೇ, ಹೆಂಗಸು ನಾನೇ. ನೀವು ಬಂದ ಮೇಲೆ ಅವಳು ಬರೋದು ಬಿಟ್ಟಳು" ಎಂದೆ. ಯಾರಿಗೂ ಹೇಳದ ಮಾತನ್ನು ಮೊದಲು ಹೇಳಿದ್ದು ಈ ಮನುಷ್ಯನಿಗೆ ಎಂದು ನೆನೆದರೆ ಈಗಲೂ ನಗು ಬರುತ್ತದೆ. ಅವರು ಏನೂ ಕೇಳಲಿಲ್ಲ. ತಮ್ಮ ಹಾಸಿಗೆಯನ್ನು ಜಗಲಿಗೆ ಎಳೆದುಕೊಂಡು ಹೋಗಿ ಅಲ್ಲೇ ಹಾಸಿಕೊಂಡರು. ಅದರಿಂದ ನನಗೇನು ಪ್ರಯೋಜನ ಎಂದು ನಾನು ಬಾಗಿಲು ಹಾಕಿಕೊಂಡೆ.

ಮರುದಿನ ಅಂಗಡಿಗೆ ವಿಮಲಾಕ್ಷಿ ಬಂದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಈ ಸಲ ಸ್ಕ್ರೂ ನಿಜವಾಗಿಯೂ ಸಡಿಲವಾಗಿತ್ತು.

"ನೀನು ಹೊರಗೆ ಹಾಕು ಅಂದೆ, ನಾನು ಹಾಕಿದೆ. ಈಗ ನೀನೆಲ್ಲಿ?" ಎಂದು ಕೇಳಿದೆ.

"ಅವರು ಮನೇಲಿದ್ರೆ ನಾನು ಹೇಗೆ ಬರ್ಲಿ?"

"ಅವರಿಗೆ ಗೊತ್ತಾಗಿದೆ. ನಾನೇ ಹೇಳಿದೆ."

ಅವಳು ಬೀದಿಯ ಕಡೆ ತಿರುಗಿ ನೋಡಿದಳು. "ನನ್ನ ಕೇಳದೆ?"

"ಹೌದು, ನಿನ್ನ ಕೇಳದೆ. ತಪ್ಪೇ. ಆದ್ರೆ ನೀನೂ ಹೇಳು, ನಾಲ್ಕು ವರ್ಷದಲ್ಲಿ ಒಂದು ದಿನ ನನ್ನ ನಿನ್ನ ಮನೆಗೆ ಬಾ ಅಂದಿದೀಯಾ? ಅವರನ್ನ ಸಹಿಸ್ಕೊಂಡು ಕೂತಿದೀಯ ಅಂತ ನನ್ನ ಬೈದೆ. ನಂಗೆ ಒಂದೊಂದ್ಸಲ ಅನ್ಸುತ್ತೆ, ನೀನು ನನ್ನನ್ನೂ ಹಾಗೇ ಸಹಿಸ್ಕೊಂಡಿದೀಯ ಅಂತ. ಭಾನುವಾರ ಮಧ್ಯಾಹ್ನಕ್ಕೆ ಮಾತ್ರ."

ಹೇಳಬಾರದಿತ್ತು. ಹೇಳಿಯಾಗಿತ್ತು.  "ಬಾ ಅನ್ನಕ್ಕೆ ಬಾಯಿ ತೆಗೆದಿದೀನಿ, ಎಷ್ಟೋ ಸಲ. ಪದ್ಮಾವತಮ್ಮನ ಕಿಟಕಿ ನೋಡಿದ ಕೂಡ್ಲೇ ಒಳಗೇ ಹೋಗಿಬಿಡುತ್ತೆ" ಎಂದಳು. ಕಣ್ಣು ತುಂಬಿತ್ತು. ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟು ಹೊರಟಳು. ಕನ್ನಡಕವಿಲ್ಲದೆ ಅವಳಿಗೆ ಎದುರಿಗಿರುವ ಎಮ್ಮೆಯೂ ಕಾಣುವುದಿಲ್ಲ. ಕೂಗಿ ಕರೆಯಬೇಕೆಂದುಕೊಂಡರೂ ಕರೆಯಲಿಲ್ಲ, ನನಗೂ ಹಟ. ಮುಗಿಯಿತು ಅಂದುಕೊಂಡೆ. ಹೊಸ ಸ್ಕ್ರೂ ಹಾಕಿ, ಗಾಜು ಒರೆಸಿ, ಮತ್ತೆ ಒರೆಸಿ, ಸಂಜೆಯವರೆಗೂ ಅದನ್ನೇ ಒರೆಸುತ್ತಾ ಕೂತೆ.

ಎರಡು ದಿನ ಹಾಗೇ ಹೋಯಿತು. ಮೂರನೆಯ ದಿನ ಸಂತೆ. ಪೇಟೆ ತುಂಬ ಜನ. ಮುದುಕರೊಬ್ಬರಿಗೆ ಅಕ್ಷರದ ಹಲಗೆ ಓದಿಸುತ್ತಿದ್ದೆ. ಫೋನು ಕಿಣ್ ಎಂದಿತು. ನೋಡಿದರೆ ಬೇರೆ ಒಲೆ ಗುಂಪು: 'ವಿಮಲಾಕ್ಷಿ ನಿಮ್ಮನ್ನು ತೆಗೆದುಹಾಕಿದ್ದಾರೆ.'

ನಾನೇ ಕಟ್ಟಿದ ಗುಂಪು. ನಾನೇ ಅವಳನ್ನು ಅಡ್ಮಿನ್ ಮಾಡಿದ್ದು. ಇಷ್ಟು ಸಿಟ್ಟೇ ಇವಳಿಗೆ ಎಂದುಕೊಂಡೆ. ಎರಡನೆಯ ಸಲ ಓದುವಷ್ಟರಲ್ಲಿ ಬಲಗಾಲು ಕುರ್ಚಿಯ ಕೆಳಗಿನಿಂದ ಹೊರಗೆ ಬಂದಿತ್ತು. ಎಡಗಾಲು ಅದರ ಹಿಂದೆ. ಆಗ ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ನಗುವೂ ಅಳುವೂ ಒಟ್ಟಿಗೇ ಬಂದು ಮುದುಕರು ಗಾಬರಿಯಾದರು. "ಈಗ ಬಂದೆ ತಾತ, ಕೂತಿರಿ" ಎಂದು ಸುಳ್ಳು ಹೇಳಿ, ಮೇಜಿನ ಮೇಲಿದ್ದ ಅವಳ ಕನ್ನಡಕ ಎತ್ತಿಕೊಳ್ಳುವಷ್ಟು ಮಾತ್ರ ಪುರಸೊತ್ತು ಸಿಕ್ಕಿತು.

ಸಂತೆಯ ನಡುವೆ ನಾನು ಹೊರಟೆ, ಕಾಲು ಮುಂದೆ, ಮೈ ಹಿಂದೆ. ಎಲ್ಲರಿಗೂ ಗುರುತು ಸಿಕ್ಕಿತು. ಸೊಪ್ಪಿನವಳು ತಕ್ಕಡಿ ಕೆಳಗಿಟ್ಟು, "ಇದೇನು ಇಂದಕ್ಕ, ನಿಮ್ಮನ್ನೂ ಹಾಕಿದ್ರಾ? ಯಾರು ಆ ಪುಣ್ಯಾತ್ಗಿತ್ತಿ?" ಎಂದಳು.

"ವಿಮಲಾಕ್ಷಿ ಟೀಚರು" ಎಂದೆ. ಜೋರಾಗಿಯೇ ಎಂದೆ. ಕೇಳಿದವರಿಗೆಲ್ಲ ಹೇಳುತ್ತಾ ಹೋದೆ. ಬೇಕರಿಯ ಮುಂದೆ ಹಾಯುವಾಗ ರೇಣುಕಾ ಹೊರಗೆ ಬಂದು ನೋಡಿದಳು, ಏನೋ ಹೊಳೆದವಳ ಹಾಗೆ ಬಾಯಿಗೆ ಕೈ ಹಿಡಿದಳು. ನನ್ನ ಗಲ್ಲಿಯಲ್ಲಿ ಶಂಭುಲಿಂಗಪ್ಪನವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಕಾಲು ನೋಡಿದರು. ಬಾಯಿ ತೆರೆದರು. "ಮನೆ ಕೀಲಿ ನನ್ನ ಹತ್ರಾನೇ ಇರ್ಲಾ?" ಎಂದಷ್ಟೇ ಕೇಳಿದರು. ಇರಲಿ ಎಂದೆ, ನಿಲ್ಲುವುದಕ್ಕೆ ಕಾಲು ಬಿಡಬೇಕಲ್ಲ.

ಪದ್ಮಾವತಮ್ಮನವರ ಗೇಟು ಇಷ್ಟು ಹಗುರವೆಂದು ನನಗೆ ಗೊತ್ತಿರಲಿಲ್ಲ, ತಳ್ಳಿದರೆ ತೆರೆದುಕೊಂಡಿತು. ಪದ್ಮಾವತಮ್ಮ ಕಿಟಕಿಯಲ್ಲಿದ್ದರು. ವಿಮಲಾಕ್ಷಿ ಮೆಟ್ಟಿಲ ಮೇಲೆ ನಿಂತಿದ್ದಳು, ಹಗಲು ಹೊತ್ತಿನಲ್ಲಿ, ಬೀದಿಗೆ ಕಾಣುವ ಹಾಗೆ. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು, ಬರುತ್ತಿರುವುದು ನಾನೇ ಹೌದೋ ಅಲ್ಲವೋ ಎಂದು ನೋಡುತ್ತಿದ್ದಳು. ನಾನು ಹತ್ತಿರ ಹೋಗಿ ಕನ್ನಡಕ ಅವಳ ಮೂಗಿನ ಮೇಲೆ ಇಟ್ಟೆ.

"ಯಾರೇ ಅದು, ವಿಮಲಾ?" ಎಂದರು ಪದ್ಮಾವತಮ್ಮ ಒಳಗಿನಿಂದ.

"ಇಂದುಮತಿ ಅಂತ, ಮೇಡಂ. ನಾನು ಗುಂಪಿನಿಂದ ಹೊರಗೆ ಹಾಕಿದೆ. ಇನ್ನು ಇಲ್ಲೇ ಇರ್ತಾಳೆ."   ಪದ್ಮಾವತಮ್ಮ ಬೇಡ ಅನ್ನುವ ಹಾಗಿರಲಿಲ್ಲ. ಬೇಡ ಎಂದರೆ ನಾವಿಬ್ಬರೂ ಹೋಗಿ ಕೂರುವುದು ಅವರ ನಡುಮನೆಯಲ್ಲೇ ಎಂದು ಅವರಿಗೂ ಗೊತ್ತು. ಕಿಟಕಿಯ ಪರದೆ ಮೆಲ್ಲಗೆ ಮುಚ್ಚಿಕೊಂಡಿತು.

"ಬಾ ಅನ್ನಬಾರದಿತ್ತಾ?" ಎಂದು ಕೇಳಿದೆ.

"ಕರೆಯಕ್ಕೆ ಧೈರ್ಯ ಸಾಲಲಿಲ್ಲ ಇಂದು. ಹೊರಗೆ ಹಾಕಕ್ಕೆ ಆಯ್ತು" ಎಂದಳು. ಹಾಗೆಂದು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತಳು. ಒಳಗೆ ಅವಳ ಭೂಪಟಗಳು, ಅವಳ ಕುರ್ಚಿ, ಅವಳ ಒಲೆ, ನಾನು ಯಾವುದನ್ನೂ ನೋಡಿರದವು. ಇನ್ನು ಈ ಊರಿನಲ್ಲಿ ಬೇರೆ ಯಾರೂ, ಯಾವತ್ತೂ, ಅಪ್ಪಿತಪ್ಪಿಯೂ ನನ್ನನ್ನು ಮನಸಾರೆ ಕರೆಯದಿರಲಿ ಎಂದುಕೊಳ್ಳುತ್ತಾ ನಾನು ಚಪ್ಪಲಿ ಬಿಟ್ಟೆ.